ಪೇಪರ್ ಎಷ್ಟು ಅಂತ ಎಣಿಸುವ ಮುನ್ನ, ಯಾರ ಕೈ ಸೇರಿತು ಅಂತ ಕೇಳೋಣ



ನಮ್ಮ ಮನೆಗಳಲ್ಲಿ ಈಗ ಹೊಸದೊಂದು ಲೆಕ್ಕ ಶುರುವಾಗಿದೆ. ಮೊದಲೆಲ್ಲ ಮಕ್ಕಳಿಗೆ ಎಷ್ಟು ಮಾರ್ಕ್ಸ್ ಬಂತು ಎಂದು ಕೇಳುತ್ತಿದ್ದೆವು. ಈಗ "ನಿಮ್ಮ ಮಗಳದ್ದು ಪೇಪರ್ ಪಬ್ಲಿಷ್ ಆಯ್ತಾ?" ಎಂದು ಕೇಳುತ್ತೇವೆ. ಹದಿನಾರು ವರ್ಷಕ್ಕೇ ಹೆಸರಲ್ಲಿ ಒಂದು ಸಂಶೋಧನಾ ಪ್ರಬಂಧ ಇದ್ದರೆ ಮುಂದೆ ಒಳ್ಳೆಯ ಯೂನಿವರ್ಸಿಟಿಯಲ್ಲಿ ಸೀಟು ಸಲೀಸು ಎಂಬ ಮಾತು ಯುಗಾದಿ ಊಟದ ಪಂಕ್ತಿಯಲ್ಲೂ ಕಿವಿಗೆ ಬೀಳುತ್ತದೆ. ವಿಷಯ ಎಐ ಆಗಿರಬೇಕು, ಶೀರ್ಷಿಕೆಯಲ್ಲಿ ನ್ಯೂರಲ್ ನೆಟ್‌ವರ್ಕ್ ಎಂದಿದ್ದರಂತೂ ಇನ್ನೂ ಒಳ್ಳೆಯದು! ದೊಡ್ಡವರ ಲೋಕದಲ್ಲೂ ಇದೇ ಕಥೆ. ಎಷ್ಟು ಪೇಪರ್, ಎಷ್ಟು ಸೈಟೇಶನ್ ಎಂಬುದರ ಮೇಲೆ ಸಂಶೋಧಕರ ತೂಕ ನಿರ್ಧಾರವಾಗುತ್ತದೆ.

ಈ ಲೆಕ್ಕವನ್ನು ಕಸದಬುಟ್ಟಿಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಬರೀ ಎಣಿಸುತ್ತ ಕೂತರೆ ಮುಖ್ಯವಾದದ್ದೇ ಕಣ್ತಪ್ಪಿ ಹೋಗುತ್ತದೆ ಎಂಬುದು ನನ್ನ ವಾದ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಾವಿರುವ ಐಂಡ್‌ಹೋವನ್ನಿನಲ್ಲೇ ಕೆಲಸ ಮಾಡಿದ ಒಬ್ಬ ಸಂಶೋಧಕರ ಪ್ರಕಟಣೆಗಳ ಪಟ್ಟಿಯನ್ನು ನಿಮ್ಮ ಮುಂದಿಡುತ್ತೇನೆ. ಸಾವಧಾನವಾಗಿ ಓದಿ, ಆಮೇಲೆ ನನ್ನ ಮಾತು ಸರಿಯೋ ತಪ್ಪೋ ನೀವೇ ಹೇಳಿ.

ಅವರ ಹೆಸರು ಪೀಟರ್ ಮೈಯರ್. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, 1985ರಲ್ಲಿ ಫಿಲಿಪ್ಸ್ ಕಂಪನಿಯ ಸಂಶೋಧನಾಲಯಕ್ಕೆ ಸೇರಿದವರು. ಡಚ್ಚರು 'ನಾಟ್‌ಲ್ಯಾಬ್' ಎಂದು ಕರೆಯುತ್ತಿದ್ದ ಆ ಸಂಶೋಧನಾಲಯದ ಜಾಗವೇ ಇಂದಿನ ಹೈಟೆಕ್ ಕ್ಯಾಂಪಸ್. ನಮ್ಮಲ್ಲಿ ಎಷ್ಟೋ ಜನ ದಿನಾ ಸೈಕಲ್ ತುಳಿದು ಕೆಲಸಕ್ಕೆ ಹೋಗುವ ಜಾಗ!

ಮೈಯರ್ ಅವರ ಪಟ್ಟಿಯನ್ನು ಮೇಲಿಂದ ನೋಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರ ಪಟ್ಟಿ ಬೆರೆತುಹೋಗಿದೆಯೇನೋ ಅನ್ನಿಸುತ್ತದೆ. ಒಂದು ಎಳೆ ಚಿಪ್ ವಿನ್ಯಾಸದ್ದು. ಚಿಪ್ ತಯಾರಿಸುವ ಮುನ್ನ ಅದರೊಳಗಿನ ಪ್ರತಿಯೊಂದು ಟ್ರಾನ್ಸಿಸ್ಟರ್ ಹೇಗೆ ವರ್ತಿಸುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಬೇಕು. ಅದಕ್ಕೆ ಬೇಕಾದ ಸಮೀಕರಣಗಳನ್ನು ಕೈಯಿಂದ ಕಟ್ಟುವುದು ವರ್ಷಗಟ್ಟಲೆ ಹಿಡಿಯುವ ಕೆಲಸ. ಅಳತೆ ಮಾಡಿದ ಅಂಕಿಗಳನ್ನು ಕೊಟ್ಟರೆ ಆ ವರ್ತನೆಯನ್ನು ಯಂತ್ರವೇ ಕಲಿಯಬಾರದೇಕೆ? ಈ ಪ್ರಶ್ನೆ ಹಿಡಿದು ಅವರು ಮಾಡಿದ ಕೆಲಸ 1996ರಲ್ಲಿ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಹಾಪ್ರಬಂಧವಾಯಿತು. ವಿಷಯ: ಸರ್ಕ್ಯೂಟ್ ಲೆಕ್ಕಾಚಾರಕ್ಕೆ ನ್ಯೂರಲ್ ನೆಟ್‌ವರ್ಕ್ ಬಳಕೆ. ಅಂದರೆ ಈಗ ಎಲ್ಲರ ಬಾಯಲ್ಲಿರುವ ಪದ ಇವರ ಪಟ್ಟಿಯಲ್ಲಿ ಸುಮಾರು ಮೂವತ್ತು ವರ್ಷದ ಹಿಂದೆಯೇ ಇದೆ.

ಇನ್ನೊಂದು ಎಳೆಗೂ ಚಿಪ್ಪಿಗೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. 1992ರ ಫೆಬ್ರವರಿಯಲ್ಲಿ ಐಇಇಇ ಸಂಸ್ಥೆಯ ಜೈವಿಕ ವೈದ್ಯಕೀಯ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಅವರದೊಂದು ಪ್ರಬಂಧ ಬಂತು. ಲೇಖಕರು ಒಬ್ಬರೇ, ಸುಮಾರು ಹತ್ತು ಪುಟ. ಅದರ ತಿರುಳು ಇಷ್ಟು: ಕ್ಯಾಮೆರಾ ಕಂಡದ್ದನ್ನು ಕಿವಿಗೆ ಕೇಳಿಸುವುದು.

ಇದು ಹೇಗೆ ಎಂದು ಮಕ್ಕಳಿಗೂ ಹೇಳಿಕೊಡಬಹುದು. ಚಿತ್ರವನ್ನು ಎಡದಿಂದ ಬಲಕ್ಕೆ ಸುಮಾರು ಒಂದು ಸೆಕೆಂಡಿನಲ್ಲಿ ಸವರಿಕೊಂಡು ಹೋಗಬೇಕು. ಚಿತ್ರದಲ್ಲಿ ಮೇಲಿರುವುದು ತಾರಸ್ಥಾಯಿಯಲ್ಲಿ ಕೇಳಿಸುತ್ತದೆ, ಕೆಳಗಿರುವುದು ಮಂದ್ರದಲ್ಲಿ. ಬೆಳಕು ಹೆಚ್ಚಿದ್ದರೆ ದನಿ ಜೋರು, ಕಪ್ಪಾಗಿದ್ದರೆ ಮೌನ. ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಎಳೆದ ಬಿಳಿ ಗೆರೆ ಹೇಗೆ ಕೇಳಿಸುತ್ತದೆ? ಸಂಗೀತ ಕ್ಲಾಸಿನ ಮಕ್ಕಳು ತಕ್ಷಣ ಹೇಳಿಬಿಡುತ್ತಾರೆ: ಆರೋಹಣದ ಹಾಗೆ, ಜಾರುತ್ತಾ ಮೇಲೇರುತ್ತದೆ. ಮಲಗಿದ ಗೆರೆ ಎಂದರೆ ಒಂದೇ ಶ್ರುತಿ. ನಿಂತ ಗೆರೆ ಎಂದರೆ ಎಲ್ಲ ಸ್ವರವೂ ಒಟ್ಟಿಗೆ ಒಂದು ಕ್ಷಣ ಸಿಡಿದಂತೆ. ನಿಮ್ಮ ಮನೆಯಲ್ಲೇ ಒಂದು ಹಾಳೆಯ ಮೇಲೆ ಗುಡ್ಡ ಬರೆದು ಅದನ್ನು ಬಾಯಲ್ಲಿ ಗುನುಗಿ ನೋಡಿ, ಅರ್ಥವಾಗುತ್ತದೆ.

ಆ ಪ್ರಬಂಧದಲ್ಲಿದ್ದ ಯಂತ್ರ ಚಿತ್ರವನ್ನು 64 ಸಾಲು, 64 ಕಂಬಗಳಾಗಿ, 16 ಮಟ್ಟದ ಬೂದುಬಣ್ಣದಲ್ಲಿ ತೆಗೆದುಕೊಳ್ಳುತ್ತಿತ್ತು. ಬ್ಯಾಟರಿಯಲ್ಲಿ ನಡೆಯುವಷ್ಟು ಕಡಿಮೆ ವಿದ್ಯುತ್ತು ಸಾಕಿತ್ತು, ಅಂದರೆ ಹೊತ್ತುಕೊಂಡು ಓಡಾಡಬಹುದು ಎಂಬ ಯೋಚನೆ ಮೊದಲಿನಿಂದಲೇ ಇತ್ತು. ಇನ್ನೊಂದು ವಿಚಾರ ನನಗೆ ಬಹಳ ಹಿಡಿಸಿದ್ದು. ಚಿತ್ರದಿಂದ ಬಂದ ಸದ್ದನ್ನು ತಿರುಗಿ ಲೆಕ್ಕ ಹಾಕಿ, ಅದರಿಂದ ಮತ್ತೆ ಚಿತ್ರವನ್ನು ಪಡೆದು ತೋರಿಸಿದ್ದರು. ಸದ್ದಿನೊಳಗೆ ಚಿತ್ರ ಉಳಿದಿದೆ ಎಂಬುದಕ್ಕೆ ಅದೇ ಪುರಾವೆ. ಆದರೆ ಸದ್ದಿನಲ್ಲಿ ಉಳಿದದ್ದನ್ನು ಮನುಷ್ಯನ ಮಿದುಳು ಓದಬಲ್ಲದೇ? ಆ ಪ್ರಶ್ನೆಗೆ ಒಂದು ಪ್ರಬಂಧದಲ್ಲಿ ಉತ್ತರ ಸಿಗುವಂತಿರಲಿಲ್ಲ.

ಈಗ ಎರಡೂ ಎಳೆಗಳನ್ನು ಜೋಡಿಸಿ ನೋಡಿ. ಒಂದರಲ್ಲಿ ಯಂತ್ರದೊಳಗಿನ ಲೆಕ್ಕದ ನರಜಾಲ, ಸರಿಯಾದ ಮಾಹಿತಿ ಕೊಟ್ಟರೆ ಕಲಿಯುತ್ತದೆ. ಇನ್ನೊಂದರಲ್ಲಿ ತಲೆಯೊಳಗಿನ ನಿಜವಾದ ನರಜಾಲ. ಅದಕ್ಕೂ ಕಣ್ಣಿನ ಬದಲು ಕಿವಿಯ ದಾರಿಯಲ್ಲಿ ಮಾಹಿತಿ ಕೊಟ್ಟರೆ ಕಲಿತೀತೇ? ಇಬ್ಬರು ಮನುಷ್ಯರ ಪಟ್ಟಿಯಂತೆ ಕಂಡದ್ದರ ಒಳಗೆ ನನಗೆ ಕಾಣುವುದು 'ಕಲಿಕೆ ಎಲ್ಲಿ, ಹೇಗೆ ನಡೆಯುತ್ತದೆ' ಎಂಬ ಒಂದೇ ಪ್ರಶ್ನೆ. ಎಣಿಸುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಮುಂದಿನ ಹೆಜ್ಜೆ ಯಾವ ಪಟ್ಟಿಯಲ್ಲೂ ಒಂದು ಸಾಲಾಗಿ ಬರುವಂಥದ್ದಲ್ಲ. 1998ರಲ್ಲಿ ಅವರು ಇದನ್ನೇ ವಿಂಡೋಸ್ ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶವಾಗಿ ಮಾಡಿ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಇಟ್ಟರು. ಹೆಸರು 'ದ ವಾಯ್ಸ್'. ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ ಮೂರು ಅಕ್ಷರ ದೊಡ್ಡದು: ಓ, ಐ, ಸಿ. 'ಓ, ನನಗೆ ಕಾಣಿಸಿತು' ಎಂಬ ಅರ್ಥದ ಚಮತ್ಕಾರ. ಒಂದು ಸಾಧಾರಣ ಕ್ಯಾಮೆರಾ, ಒಂದು ಕಂಪ್ಯೂಟರ್, ಒಂದು ಹೆಡ್‌ಫೋನ್ ಇದ್ದರೆ ಸಾಕು. ಮುಂದೆ ಆಂಡ್ರಾಯ್ಡ್ ಫೋನಿಗೂ ಬಂತು. ಕಣ್ಣು ಕಾಣದವರು ಯಾರನ್ನೂ ಕೇಳದೆ ಇಳಿಸಿಕೊಂಡು ಬಳಸಿ ನೋಡಬಹುದಾಗಿತ್ತು. ಲ್ಯಾಬ್ ನಡೆಸುವವರೂ ಕಾಸು ಕೊಡದೆ ಪರೀಕ್ಷೆ ಮಾಡಬಹುದಾಗಿತ್ತು.

ಪರೀಕ್ಷೆಗಳು ನಡೆದವು. 2007ರಲ್ಲಿ ಅಮೀರ್ ಅಮೇಡಿ ಮತ್ತು ಸಂಗಡಿಗರ ಪ್ರಬಂಧ 'ನೇಚರ್ ನ್ಯೂರೋಸೈನ್ಸ್' ಪತ್ರಿಕೆಯಲ್ಲಿ ಬಂತು. ಸಹಲೇಖಕರಲ್ಲಿ ಮೈಯರ್ ಕೂಡ ಒಬ್ಬರು. ಈ ಸದ್ದುಗಳನ್ನು ಕೇಳಿ ವಸ್ತುವಿನ ಆಕಾರ ಗುರುತಿಸಲು ಕಲಿತವರಲ್ಲಿ, ಕಣ್ಣಿಂದ ಕಂಡಾಗ ಆಕಾರವನ್ನು ಗುರುತಿಸುವ ಮಿದುಳಿನ ಭಾಗವೇ ಕೆಲಸ ಮಾಡುತ್ತಿತ್ತು ಎಂಬುದು ಅದರ ಫಲಿತಾಂಶ. 2009ರಲ್ಲಿ ಇನ್ನೊಂದು ಗುಂಪು ಪಳಗಿದ ಅಂಧ ಬಳಕೆದಾರರೊಬ್ಬರಲ್ಲಿ ಮಿದುಳಿನ ದೃಷ್ಟಿಭಾಗಕ್ಕೆ ಕಾಂತೀಯ ತರಂಗಗಳಿಂದ ತಾತ್ಕಾಲಿಕ ಅಡ್ಡಿ ಮಾಡಿದಾಗ, ಸದ್ದಿನಿಂದ ವಸ್ತು ಗುರುತಿಸುವ ಶಕ್ತಿ ಕುಂದಿತು ಎಂದು ವರದಿ ಮಾಡಿತು. 2010ರಲ್ಲಿ ಜೇಮೀ ವಾರ್ಡ್ ಅವರ ಜತೆ ಮೈಯರ್ ಬರೆದ ಪ್ರಬಂಧದಲ್ಲಿ, ದೃಷ್ಟಿ ಕಳೆದುಕೊಂಡಿದ್ದ ಇಬ್ಬರು ಬಳಕೆದಾರರು ತಿಂಗಳುಗಟ್ಟಲೆ ಬಳಸಿದ ಮೇಲೆ ತಮಗೆ ನೋಟದಂಥ ಅನುಭವವೇ ಆಗುತ್ತದೆ ಎಂದು ವಿವರಿಸಿದ್ದು ದಾಖಲಾಗಿದೆ. 2012ರಲ್ಲಿ ಜೆರುಸಲೇಮಿನ ಅಮೇಡಿ ಗುಂಪು ಹುಟ್ಟುಕುರುಡರಿಗೆ ಹತ್ತಾರು ಗಂಟೆಗಳ ತರಬೇತಿ ಕೊಟ್ಟು, ಕಣ್ಣಿನ ಡಾಕ್ಟರ ಗೋಡೆಯ ಮೇಲಿರುವಂಥ ಅಕ್ಷರ ಪರೀಕ್ಷೆ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಅಂಧತ್ವಕ್ಕೆ ಹಾಕಿದ ಗಡಿಯನ್ನು ಅವರಲ್ಲಿ ಹಲವರು ದಾಟಿದರು, ಕಿವಿಯಿಂದ!

ಈ ಪ್ರಬಂಧಗಳಲ್ಲಿ ಕೆಲವಕ್ಕೆ ಮೈಯರ್ ಹೆಸರಿದೆ, ಕೆಲವಕ್ಕೆ ಇಲ್ಲ. ಒಂದು ಪ್ರಬಂಧ, ಒಂದು ಉಚಿತ ತಂತ್ರಾಂಶ, ಅದರ ಸುತ್ತ ಬೇರೆಯವರ ಹತ್ತಾರು ಕೆಲಸಗಳು. ಬರೀ ಅವರ ಹೆಸರಿನ ಪೇಪರ್ ಎಣಿಸಿದರೆ ಇದರಲ್ಲಿ ಅರ್ಧ ಲೆಕ್ಕಕ್ಕೇ ಬರುವುದಿಲ್ಲ.

2007ರ ಆ ಪ್ರಯೋಗದಲ್ಲಿ ನಮ್ಮ ಶನಿವಾರದ ಕನ್ನಡ ತರಗತಿಗೂ ಒಂದು ಪಾಠವಿದೆ. ಅಲ್ಲಿ ಕೆಲವರಿಗೆ ನಿಯಮ ಕಲಿಸಿದ್ದರು: ಮೇಲೆ ಎಂದರೆ ತಾರ, ಕೆಳಗೆ ಎಂದರೆ ಮಂದ್ರ. ಇನ್ನು ಕೆಲವರಿಗೆ ನಿಯಮ ಹೇಳದೆ, ಈ ಸದ್ದು ಬಂದರೆ ಈ ವಸ್ತು ಎಂದು ಬಾಯಿಪಾಠ ಮಾಡಿಸಿದ್ದರು. ವಸ್ತುವಿನ ಹೆಸರನ್ನು ಇಬ್ಬರೂ ಹೇಳಬಲ್ಲರು. ಆದರೆ ಆಕಾರದ ಭಾಗ ಚುರುಕಾದದ್ದು ನಿಯಮ ಹಿಡಿದು ಆಕಾರ ಕಂಡುಕೊಂಡವರಲ್ಲಿ ಮಾತ್ರ. ಬಾಯಿಪಾಠದವರಲ್ಲಿ ಅದು ಏಳಲಿಲ್ಲ. ಮಗು 'ಕಮಲ' ಎಂಬ ಪದದ ಚಿತ್ರ ನೋಡಿ ಒಪ್ಪಿಸುವುದಕ್ಕೂ, ಕ, ಮ, ಲ ಕೂಡಿಸಿ ಹಿಂದೆ ನೋಡಿರದ ಪದವನ್ನು ತಾನೇ ಓದುವುದಕ್ಕೂ ಇರುವ ಅಂತರ ನಮ್ಮ ಶಿಕ್ಷಕಿಯರಿಗೆ ಚೆನ್ನಾಗಿ ಗೊತ್ತು. ಪೇಪರ್ ಪಬ್ಲಿಷ್ ಮಾಡಿಸುವ ಆತುರದಲ್ಲಿ ನಾವು ಮಕ್ಕಳಿಗೆ ಕೊಡುತ್ತಿರುವುದು ಇವೆರಡರಲ್ಲಿ ಯಾವುದು?

"ಇಷ್ಟೆಲ್ಲ ಆದ ಮೇಲೂ ರಸ್ತೆಯಲ್ಲಿ ಇದನ್ನು ಹಾಕಿಕೊಂಡು ಓಡಾಡುವವರು ಯಾರೂ ಕಾಣುವುದಿಲ್ಲವಲ್ಲ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದನ್ನು ಕಲಿಯುವುದು ಕಷ್ಟ, ತಿಂಗಳುಗಟ್ಟಲೆ ಅಭ್ಯಾಸ ಬೇಕು. ಸಂತೆಯಂಥ ಗಿಜಿಗಿಜಿ ದೃಶ್ಯದಲ್ಲಿ ಸದ್ದೂ ಗಿಜಿಗಿಜಿಯಾಗುತ್ತದೆ. ಸೆಕೆಂಡಿಗೆ ಒಂದೇ ಚಿತ್ರ ಎಂದರೆ ಓಡುವ ವಾಹನಕ್ಕೆ ಸಾಲದು. ಮುಖ್ಯವಾಗಿ, ಕಣ್ಣು ಕಾಣದವರಿಗೆ ಕಿವಿಯೇ ದಾರಿದೀಪ. ಗಾಡಿಯ ಸದ್ದು, ಹೆಜ್ಜೆಯ ಸದ್ದು, ಗೋಡೆಯಿಂದ ಬರುವ ಪ್ರತಿಧ್ವನಿ ಎಲ್ಲವೂ ಅವರಿಗೆ ಬೇಕು. ಆ ಕಿವಿಯನ್ನು ಇನ್ನೊಂದು ಸದ್ದಿಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಬಿಳಿ ಕೋಲಿನ ಜಾಗವನ್ನು ಇದು ತುಂಬಿಲ್ಲ. ಇವೆಲ್ಲ ನಿಜ.

ಆದರೂ ಇದರ ಪಕ್ಕದಲ್ಲಿ ಇನ್ನೊಂದು ಕಥೆಯನ್ನು ಇಟ್ಟು ನೋಡಿ. ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ 'ಆರ್ಗಸ್ 2' ಎಂಬ ಕೃತಕ ಅಕ್ಷಿಪಟಲ ತಯಾರಿಸಿತು. ಕಣ್ಣಿನೊಳಗೆ ಶಸ್ತ್ರಚಿಕಿತ್ಸೆ ಮಾಡಿ 60 ವಿದ್ಯುದ್ವಾರಗಳನ್ನು ಕೂರಿಸುವ ಸಾಧನ. 2013ರಲ್ಲಿ ಅಲ್ಲಿನ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. 2019ರ ಹೊತ್ತಿಗೆ ಕಂಪನಿ ಇದನ್ನು ಕೈಬಿಟ್ಟಿತು, ಮರುವರ್ಷ ಹಣವಿಲ್ಲದೆ ಬಹುಪಾಲು ನೌಕರರನ್ನು ತೆಗೆಯಿತು. ಕಣ್ಣಿನೊಳಗೆ ಸಾಧನ ಇಟ್ಟುಕೊಂಡವರಿಗೆ ಕೆಟ್ಟರೆ ರಿಪೇರಿ ಮಾಡುವವರಿರಲಿಲ್ಲ, ಬಿಡಿಭಾಗವಿರಲಿಲ್ಲ, ಕೇಳಿದರೆ ಹೇಳುವವರೂ ಇರಲಿಲ್ಲ. 2022ರಲ್ಲಿ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಈ ಕಥೆಯನ್ನು ವಿವರವಾಗಿ ಬಯಲಿಗೆ ತಂದಿತು.

ಆರ್ಗಸ್ ಹಿಂದೆ ಒಳ್ಳೆಯ ವಿಜ್ಞಾನಿಗಳಿದ್ದರು, ಒಳ್ಳೆಯ ಪ್ರಬಂಧಗಳಿದ್ದವು. ಎಣಿಕೆಯಲ್ಲಿ ಅದಕ್ಕೇನೂ ಕೊರತೆಯಿರಲಿಲ್ಲ. ಕೊರತೆಯಾದದ್ದು ಕೊನೆಗೆ ಆ ಸಾಧನ ಯಾರ ಹಿಡಿತದಲ್ಲಿ ಉಳಿಯುತ್ತದೆ ಎಂಬ ಯೋಚನೆಯಲ್ಲಿ. ಕಣ್ಣು ಕಾಣದವರಿಗೆ ಕೊಟ್ಟ ನೆರವನ್ನು ನಡುದಾರಿಯಲ್ಲಿ ಕಿತ್ತುಕೊಳ್ಳುವುದು ಎಂದರೆ ಎರಡನೇ ಸಲ ಕತ್ತಲೆಗೆ ನೂಕಿದಂತೆ. ಕಂಪ್ಯೂಟರಿಗೆ ಇಳಿಸಿಕೊಂಡ ಉಚಿತ ತಂತ್ರಾಂಶ ನಾಳೆ ಬೆಳಿಗ್ಗೆಯೂ ಅದೇ ಕಂಪ್ಯೂಟರಿನಲ್ಲಿ ಓಡುತ್ತದೆ. ಅದು ಸಣ್ಣ ನೆರವೇ ಇರಬಹುದು, ಆದರೆ ಬಳಸುವವರ ಕೈಯಲ್ಲೇ ಇರುತ್ತದೆ.

ಈಗಿನ ಕಾಲದ ಮಾತಿಗೂ ಬರೋಣ. ಮೈಕ್ರೋಸಾಫ್ಟಿನ 'ಸೀಯಿಂಗ್ ಎಐ' 2017ರಲ್ಲಿ ಬಂತು. ಡೆನ್ಮಾರ್ಕಿನಲ್ಲಿ ಹುಟ್ಟಿದ 'ಬಿ ಮೈ ಐಸ್' ಮೊದಲು ಕಣ್ಣು ಕಾಣುವ ಸ್ವಯಂಸೇವಕರನ್ನು ವಿಡಿಯೋ ಕರೆಯಲ್ಲಿ ಜೋಡಿಸುತ್ತಿತ್ತು, 2023ರಿಂದ ಎಐ ಕೂಡ ಚಿತ್ರ ವಿವರಿಸುತ್ತದೆ. ಫೋನ್ ಹಿಡಿದರೆ "ಎದುರಿಗೆ ಕುರ್ಚಿ ಇದೆ, ಮೇಜಿನ ಮೇಲೆ ಲೋಟ ಇದೆ" ಎಂದು ಹೇಳಿಬಿಡುತ್ತದೆ. ಎಂಥ ಅನುಕೂಲ! ಇನ್ನು ಸದ್ದಿನ ಚಿತ್ರ ಕಲಿಯುವ ಕಷ್ಟ ಯಾಕೆ?

ಇಲ್ಲಿ ಎರಡು ನರಜಾಲಗಳ ವ್ಯತ್ಯಾಸ ಮುಖ್ಯವಾಗುತ್ತದೆ. ಎಐ ಆ್ಯಪಿನಲ್ಲಿ ನೋಡುವ ಕೆಲಸ ಯಂತ್ರದ್ದು, ನಮಗೆ ಸಿಗುವುದು ಅದರ ವರದಿ. ಔಷಧಿ ಡಬ್ಬಿಯ ಮೇಲಿನ ಹೆಸರು, ಕಾಗದದಲ್ಲಿ ಏನಿದೆ ಎಂಬುದನ್ನೆಲ್ಲ ತಿಳಿಯಲು ಅದು ಬೇಕೇ ಬೇಕು. ಆದರೆ ಯಂತ್ರ ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂದು ತಾನೇ ಆರಿಸುತ್ತದೆ. ತಪ್ಪು ಹೇಳಿದರೂ ಅದೇ ಧೈರ್ಯದಲ್ಲಿ ಹೇಳುತ್ತದೆ. 'ದ ವಾಯ್ಸ್'ನಲ್ಲಿ ಯಂತ್ರ ಏನನ್ನೂ ಆರಿಸುವುದಿಲ್ಲ. ಚಿತ್ರವನ್ನು ಹಾಗೇ ಕೊಟ್ಟು ಸುಮ್ಮನಾಗುತ್ತದೆ, ಅರ್ಥ ಮಾಡಿಕೊಳ್ಳುವುದು ಮನುಷ್ಯನ ಪಾಲಿಗೆ. ಒಬ್ಬರಿಗೆ ಒಂದು ಬೇಕು, ಇನ್ನೊಬ್ಬರಿಗೆ ಇನ್ನೊಂದು, ಕೆಲವರಿಗೆ ಎರಡೂ. ಆರಿಸುವ ಹಕ್ಕು ಬಳಸುವವರದು. ಈ ಸಾಧನಗಳ ಬಗ್ಗೆ ಬರೆದ ಪ್ರಬಂಧಗಳನ್ನು ಓದುವಾಗ ಆ ಹಕ್ಕಿಗೆ ಜಾಗ ಇದೆಯೇ ಎಂದು ನೋಡಬೇಕು.

ಹಾಗಾಗಿ ನನ್ನ ಸಲಹೆ ಇಷ್ಟೇ. ಯಾರದೇ ಪ್ರಕಟಣೆಗಳ ಪಟ್ಟಿ ನಿಮ್ಮ ಕೈಗೆ ಬಂದರೆ, ಅದು ಪ್ರೊಫೆಸರರದ್ದಿರಲಿ ಪಕ್ಕದ ಮನೆ ಹುಡುಗನದ್ದಿರಲಿ, ಮೂರು ಪ್ರಶ್ನೆ ಕೇಳಿ. ಒಂದು, ಈ ಎಲ್ಲ ಪೇಪರ್‌ಗಳ ಹಿಂದೆ ಬಿಡದೆ ಹಿಡಿದ ಪ್ರಶ್ನೆ ಯಾವುದು? ಎರಡು, ಇದನ್ನು ಬೇರೆಯವರು ತಾವೇ ಮಾಡಿ ನೋಡುವಂತೆ ಬಿಚ್ಚಿಟ್ಟಿದ್ದಾರೆಯೇ? ಮೂರು, ಯಾರಿಗಾಗಿ ಮಾಡಿದ್ದೋ ಅವರ ಕೈ ಸೇರಿತೇ, ಸೇರಿ ಅಲ್ಲೇ ಉಳಿಯಿತೇ? ಹದಿನಾರು ವರ್ಷದ ನಿಮ್ಮ ಮಗಳು ಒಂದೂ ಪೇಪರ್ ಇಲ್ಲದೆ, ಊರಿನಲ್ಲಿ ಕಣ್ಣು ಮಂಜಾಗುತ್ತಿರುವ ಅಜ್ಜಿಯ ಫೋನಿನಲ್ಲಿ ಓದಿ ಹೇಳುವ ಸೌಲಭ್ಯವನ್ನು ಹೊಂದಿಸಿಕೊಟ್ಟು, ಅಜ್ಜಿ ಎಲ್ಲಿ ತಡವರಿಸುತ್ತಾರೆ ಎಂದು ಒಂದು ತಿಂಗಳು ಬರೆದಿಟ್ಟರೆ, ಮೂರನೇ ಪ್ರಶ್ನೆಗೆ ಅವಳಲ್ಲಿ ಆಗಲೇ ಉತ್ತರ ಇರುತ್ತದೆ. ಸಂಶೋಧನೆ ಶುರುವಾಗುವುದು ಅಲ್ಲಿಂದಲೇ.

ಅಜ್ಜಿಯ ಮಾತು ಬಂದ ಮೇಲೆ ನಮ್ಮ ಭಾಷೆಯ ಮಾತನ್ನೂ ಆಡಬೇಕು. ಕನ್ನಡದಲ್ಲೂ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ 'ಲಿಪಿ ಜ್ಞಾನಿ' ಎಂಬ ಅಕ್ಷರ ಗುರುತಿಸುವ ತಂತ್ರಾಂಶ ರೂಪಿಸಿತು. 1970ರಿಂದ 2002ರ ನಡುವೆ ಅಚ್ಚಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳನ್ನು ಇದಕ್ಕಾಗಿ ಬಳಸಿದರು, ಹಳಗನ್ನಡವೂ ಸೇರಿದಂತೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತದ ಪುಟಗಳ ಮೇಲೂ ಪರೀಕ್ಷಿಸಿದರು. ಅಚ್ಚಿನ ಪುಟ ಕಂಪ್ಯೂಟರಿನ ಪಠ್ಯವಾದರೆ ಅದನ್ನು ಯಂತ್ರ ಓದಿ ಹೇಳಬಹುದು. ಓದಿ ಹೇಳಲು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಅಂಧರು. ಅದರ ಜತೆ ಬರುವ ಈ-ಸ್ಪೀಕ್ ದನಿಗೆ ಕನ್ನಡವೂ ಬರುತ್ತದೆ, ಉಚ್ಚಾರ ಸ್ವಲ್ಪ ಯಾಂತ್ರಿಕ ಎನಿಸಿದರೂ.

ಇಷ್ಟೆಲ್ಲ ಇದ್ದೂ ನಾವು ಕಳಿಸುವ ಕನ್ನಡ ಅವರಿಗೆ ತಲುಪದಿರಬಹುದು. ಕಾರಣ ಬಹಳ ಚಿಕ್ಕದು. ರಾಜ್ಯೋತ್ಸವದ ಆಹ್ವಾನವನ್ನು ಬರೀ ಚಿತ್ರವಾಗಿ ಕಳಿಸಿದರೆ ಎನ್‌ವಿಡಿಎಗೆ ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನ ಪರದೆಯ ಮೇಲೆ ಚೆಂದದ ಕನ್ನಡವಾಗಿ ಕಂಡರೂ, ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯಂತ್ರ ಅದನ್ನೇ ಓದುತ್ತದೆ, ಕೇಳುವವರಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಯೂನಿಕೋಡಿನಲ್ಲಿ ಬರೆದರೆ ಈ ತೊಂದರೆ ಇಲ್ಲ. ಇದಕ್ಕೆ ನ್ಯೂರಲ್ ನೆಟ್‌ವರ್ಕೂ ಬೇಡ, ಪಿಎಚ್.ಡಿ.ಯೂ ಬೇಡ.

ಆದ್ದರಿಂದ ಸಂಪಾದಕ ಬಳಗಕ್ಕೂ ಪೋಷಕರಿಗೂ ನನ್ನ ವಿನಂತಿ: ಮುಂದಿನ ಸಂಚಿಕೆಯಿಂದ ನಮ್ಮ ಎಲ್ಲ ಬರಹ ಯೂನಿಕೋಡಿನಲ್ಲೇ ಇರಲಿ. ಮಕ್ಕಳು ಬರೆದ ಪ್ರತಿ ಚಿತ್ರದ ಕೆಳಗೆ, ಆ ಚಿತ್ರದಲ್ಲಿ ಏನಿದೆ ಎಂದು ಮಕ್ಕಳೇ ಎರಡು ಸಾಲು ಕನ್ನಡದಲ್ಲಿ ಬರೆಯಲಿ. ಕಣ್ಣು ಕಾಣದವರಿಗೆ ಅದು ಚಿತ್ರ, ನಮ್ಮ ಮಕ್ಕಳಿಗೆ ಅದು ಕನ್ನಡ ಅಭ್ಯಾಸ. ದೊಡ್ಡ ತರಗತಿಯ ಮಕ್ಕಳು ಎನ್‌ವಿಡಿಎ ಇಳಿಸಿಕೊಂಡು, ಕಣ್ಣು ಮುಚ್ಚಿ ಈ ಸಂಚಿಕೆಯನ್ನು ಒಮ್ಮೆ ಕೇಳಿ ನೋಡಲಿ. ಎಲ್ಲೆಲ್ಲಿ ತಡೆಯಿತು ಎಂದು ಪಟ್ಟಿ ಮಾಡಿ ಕಳಿಸಲಿ. ಆ ಪಟ್ಟಿಯನ್ನು ಮುಂದಿನ ತಿಂಗಳು ಇಲ್ಲೇ ಪ್ರಕಟಿಸಬೇಕೆಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ.

ನಿಮ್ಮ ಅಭಿಪ್ರಾಯ ಬೇರೆಯಿದ್ದರೆ ಖಂಡಿತ ಬರೆಯಿರಿ. ಯೂನಿಕೋಡಿನಲ್ಲಿ!

ಇಂತಿ ನಿಮ್ಮ,
ಶಾಲೆಯ ಒಬ್ಬ ಪೋಷಕ